ಎದ್ದು ನಿಲ್ಲುವ ಪಾಳಿ

ಯಾರಾದರೂ ಎದುರಿಗೆ ಬಂದರೆ ನಾನು ಮೊದಲು ಅವರ ಕಾಲು ನೋಡುತ್ತೇನೆ. ಮುಖ ಆಮೇಲೆ. ಇದು ವಿನಯವಲ್ಲ, ಚಟ. ಈ ಚಟದಿಂದ ಶಹಾಪುರದ ನಮ್ಮ ಓಣಿಯಲ್ಲಿ ನನಗೆ ಒಳ್ಳೆಯ ಹೆಸರೂ ಬಂದಿತ್ತು. ತಲೆ ತಗ್ಗಿಸಿ ನಡೆಯುವ ಹುಡುಗಿ ಎಂದು ಹಿರಿಯರು ತಮ್ಮ ಮನೆಯ ಹೆಣ್ಣುಮಕ್ಕಳಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ನಾನು ನೋಡುತ್ತಿದ್ದದ್ದು ಆ ಹಿರಿಯರ ಹಿಮ್ಮಡಿ ನೆಲಕ್ಕೆ ಹೇಗೆ ತಾಗುತ್ತದೆ, ಯಾವ ಮೊಣಕಾಲು ಮೊದಲು ಸೋಲುತ್ತದೆ ಎಂಬುದನ್ನು ಎಂದು ತಿಳಿದಿದ್ದರೆ ಆ ಹೆಸರು ಉಳಿಯುತ್ತಿರಲಿಲ್ಲ.

ನಾನು ಅನಿಮೇಷನ್ ಕಲಿತವಳು, ಅದೂ ಕೈಯಲ್ಲಿ ಬಿಡಿಸುವ ಹಳೆಯ ಪದ್ಧತಿಯದು. ಗಾಜಿನ ಮೇಜಿನ ಕೆಳಗೆ ದೀಪ ಉರಿಯುತ್ತಿರುತ್ತದೆ. ಅದರ ಮೇಲೆ ಒಂದರ ಮೇಲೊಂದು ಹಾಳೆಯಿಟ್ಟು, ಕೆಳಗಿನ ಗೆರೆಗಿಂತ ಕೂದಲೆಳೆಯಷ್ಟು ಆಚೆ ಮೇಲಿನ ಗೆರೆ ಎಳೆಯಬೇಕು. ಸೆಕೆಂಡಿಗೆ ಹನ್ನೆರಡು ಚಿತ್ರ. ಒಬ್ಬ ಮನುಷ್ಯ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನನ್ನ ಒಂದು ಮಧ್ಯಾಹ್ನ ಕಳೆದಿರುತ್ತದೆ. ಹಾಗಾಗಿ ನಡೆಯುವವರನ್ನು ಕಂಡರೆ ನನಗೆ ಇವತ್ತಿಗೂ ಸ್ವಲ್ಪ ಹೊಟ್ಟೆಕಿಚ್ಚು.

ಓದುವ ಕಾಲದಲ್ಲಿ ರಜೆಗೆ ಬಂದಾಗೆಲ್ಲ ಪುಸ್ತಕ ಹಿಡಿದು ಬಸ್ ನಿಲ್ದಾಣಗಳಲ್ಲಿ ಕೂತು ನಡಿಗೆ ಬರೆದುಕೊಳ್ಳುತ್ತಿದ್ದೆ. ಸುರಪುರದವರು ಗುಡ್ಡದ ಓಣಿ ಹತ್ತಿ ಇಳಿದು ರೂಢಿಯಾದವರು, ಸಪಾಟು ನೆಲದಲ್ಲೂ ಎದೆ ತುಸು ಮುಂದೆ ಹಾಕಿ ನಡೆಯುತ್ತಾರೆ. ಅಬ್ಬೆತುಮಕೂರಿನ ಮಠಕ್ಕೆ ಬರಿಗಾಲಲ್ಲಿ ಹೊರಟವರು ಯಾದಗಿರಿ ರಸ್ತೆಯ ಕಾದ ಡಾಂಬರಿನ ಮೇಲೆ ಹೆಜ್ಜೆಯನ್ನು ಇಡುವ ಮೊದಲೇ ಎತ್ತಿಕೊಳ್ಳುತ್ತಾರೆ. ಒಮ್ಮೆ ಸುರಪುರದ ನಿಲ್ದಾಣದಲ್ಲಿ ಹೀಗೆ ಕೂತಿದ್ದಾಗ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಮುದುಕರೊಬ್ಬರಿಗೆ ತಡೆದುಕೊಳ್ಳಲಾಗಲಿಲ್ಲ.

“ಏನವ್ವಾ, ಆಗಿನಿಂದ ಮಂದಿ ಕಾಲೇ ನೋಡಾಕತ್ತಿ. ಚಪ್ಲಿ ಅಂಗಡಿ ಇಡಬೇಕಂತ ಮಾಡೀಯೇನು?”

“ಇಲ್ರಿ ಕಾಕಾ. ಮಂದಿ ನಡಿಗಿ ಬರಕೊಳ್ಳಾಕತ್ತೀನಿ.”

“ಬರಕೊಂಡು ಏನ್ ಮಾಡ್ತಿ?”

“ಚಿತ್ರದಾಗ ನಡಸ್ತೀನ್ರಿ.”

ಅವರು ಬಸಿಯಲ್ಲಿ ಉಳಿದ ಚಹಾ ಮುಗಿಸಿ, “ತಾವೇ ನಡೀತಾರ ಬಿಡವ್ವ, ನೀ ಯಾಕ ತ್ರಾಸ ತಗೋತಿ?” ಎಂದರು. ನನ್ನ ಕಸುಬಿನ ಬಗ್ಗೆ ಇಷ್ಟು ಸರಳವಾದ ಟೀಕೆಯನ್ನು ಆಮೇಲೆ ಯಾವ ಪರೀಕ್ಷಕರೂ ಮಾಡಲಿಲ್ಲ.

ನನಗೆ ಚಿತ್ರ ಬರುತ್ತದೆ ಎಂಬ ಧೈರ್ಯ ಮಾತ್ರ ಚಿಕ್ಕಂದಿನಿಂದಲೂ ಇತ್ತು. ಶಹಾಪುರದಲ್ಲಿ ಹುಟ್ಟಿದ ಮಕ್ಕಳೆಲ್ಲ ಮೊದಲು ಬಿಡಿಸುವುದು ಊರ ಮಗ್ಗುಲಿನ ಗುಡ್ಡ. ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ: ಹಣೆ, ಮೂಗು, ಎದೆ, ಉದ್ದಕ್ಕೆ ಚಾಚಿದ ಕಾಲು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತು, ಅವ್ವ ದಿನಾ ಅದಕ್ಕೆ ಕೈ ಮುಗಿಯುತ್ತಿದ್ದಳು. ಹಾಗಾಗಿ ಗುಡ್ಡದ ಮೇಲೆ ಮಲಗಿದಾತ ನನಗೆ ಮನೆಯ ಹಿರಿಯನೇ. ಮೂರನೆಯ ತರಗತಿಯಲ್ಲಿ ಗುಡ್ಡದ ಚಿತ್ರ ಬಿಡಿಸಲು ಹೇಳಿದಾಗ ನಾನು ಅವನ ಒಂದು ಮೊಣಕಾಲನ್ನು ಮಡಿಸಿಬಿಟ್ಟೆ. ಗುಡ್ಡದಲ್ಲಿ ಹಾಗೆ ಎಲ್ಲಿದೆ ಎಂದು ಮಾಸ್ತರರು ಕೇಳಿದರು. “ಎಷ್ಟೊತ್ತಂತ ಒಂದೇ ನಮೂನಿ ಮಲಗ್ತಾರ್ರಿ, ಸೊಂಟ ಹಿಡೀತದ” ಎಂದೆ. ಮಾಸ್ತರರು ನಕ್ಕು, ನನ್ನ ಕಿವಿ ಹಿಂಡಿ, ಆ ಚಿತ್ರವನ್ನು ಹೆಡ್‌ಮಾಸ್ತರರಿಗೆ ತೋರಿಸಲು ಒಯ್ದರು. ಕಿವಿ ಹಿಂಡಿಸಿಕೊಂಡೂ ಜಂಬ ಪಟ್ಟವಳು ತರಗತಿಯಲ್ಲಿ ನಾನೊಬ್ಬಳೇ.

ಈ ಜಂಬವನ್ನು ಹೊತ್ತುಕೊಂಡು ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಅನಿಮೇಷನ್ ಸೇರಿದೆ. ಅಪ್ಪ ಶಾಲೆಯ ಗುಮಾಸ್ತ. ಮಗಳು ಕಾರ್ಟೂನು ಕಲಿಯಲು ಹೋದಳೆಂದು ಯಾರಾದರೂ ನಕ್ಕರೆ, “ಹೌದ್ರಿ, ಕಲೀಲಿ” ಎಂದು ತಾನೂ ನಗುತ್ತಿದ್ದ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಕಿರುಚಿತ್ರ ಮಾಡಬೇಕು. ಅದು ತೇರ್ಗಡೆಯಾಗದಿದ್ದರೆ ಪದವಿ ಇಲ್ಲ, ಇನ್ನೊಂದು ವರ್ಷ ಅಲ್ಲೇ. ನನಗೆ ಮಾರ್ಗದರ್ಶಕರಾಗಿ ಸಿಕ್ಕವರು ಮೈಸೂರಿನ ಕಡೆಯ ಮೇಡಂ. ಇಬ್ಬರಿಗೂ ಕನ್ನಡ ಬರುತ್ತದೆಂದು ಮೊದಲ ದಿನ ಇಬ್ಬರಿಗೂ ಸಂತೋಷವಾಯಿತು. ವಾರ ಕಳೆಯುವಷ್ಟರಲ್ಲಿ ಅವರು ಮೆತ್ತಗೆ, “ನೀನು ಯಾವಾಗಲೂ ಯಾಕಮ್ಮ ಸಿಟ್ಟಿನಲ್ಲಿರ್ತೀಯ?” ಎಂದು ಕೇಳಿದರು. ನಾನು ಬಾಗಿಲು ತೆರೆದು “ಬರ್ಲ್ಯಾ?” ಎಂದಿದ್ದೆ, ಅಷ್ಟೆ.

ಚಿತ್ರಕ್ಕೆ ವಸ್ತು ಯಾವುದೆಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ದೊಡ್ಡವ್ವ. ನನ್ನ ಅವ್ವನ ಅಕ್ಕ, ವನದುರ್ಗದ ಹತ್ತಿರದ ಹಳ್ಳಿಯಲ್ಲಿರುವವಳು, ಮಂದಿಯ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುವವಳು. ಎಂಟು ಹತ್ತು ಹೆಂಗಸರು ಒಂದು ಸಾಲಿನಲ್ಲಿ ಬಗ್ಗಿ ಖಾಲಿ ನೀರಿನ ಗದ್ದೆಯನ್ನು ಹಸಿರು ಮಾಡಿಬಿಡುವುದು, ನಾಲ್ಕು ನಿಮಿಷದ ಚಿತ್ರಕ್ಕೆ ಇನ್ನೇನು ಬೇಕು? ಮೇಡಂ ಒಪ್ಪಿದರು. ನಾನು ಹಾಸ್ಟೆಲ್ಲಿನಲ್ಲಿ ಕೂತು, ನೋಡಿದ್ದೆಲ್ಲ ನೆನಪಿದೆ ಎಂಬ ನಂಬಿಕೆಯಿಂದ, ಒಬ್ಬ ಹೆಂಗಸು ಸಸಿ ಹಚ್ಚುತ್ತ ಗದ್ದೆ ದಾಟುವುದನ್ನು ನಾನೂರು ಹಾಳೆಯಲ್ಲಿ ಬಿಡಿಸಿದೆ. ತೆರೆಯ ಮೇಲೆ ಅದು ಅರ್ಧ ನಿಮಿಷ. ಸಂಕ್ರಾಂತಿಯ ಹೊತ್ತಿಗೆ ಆ ಹಾಳೆಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ರೈಲಿನಲ್ಲಿ ತೊಡೆಯ ಮೇಲೇ ಇರಿಸಿಕೊಂಡು ಊರಿಗೆ ತಂದೆ.

ದೊಡ್ಡವ್ವನ ಪಡಸಾಲೆಯಲ್ಲಿ ಹಾಳೆಗಳನ್ನು ಕಟ್ಟುಕಟ್ಟಾಗಿ ಹಿಡಿದು ಹೆಬ್ಬೆರಳಿನಿಂದ ಸರಸರನೆ ಹಾರಿಸಿ ತೋರಿಸಿದೆ. ಕಾಗದದ ಹೆಂಗಸು ಬಗ್ಗಿದಳು, ಸಸಿ ಇಟ್ಟಳು, ಒಂದು ಹೆಜ್ಜೆ ಮುಂದೆ ಹೋದಳು. ದೊಡ್ಡವ್ವ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನೋಡಿದಳು. ಹೊಗಳಿಕೆಗೆ ನಾನು ಸಿದ್ಧಳಾಗಿ ಕೂತಿದ್ದೆ.

“ಈಕಿ ತಾ ಹಚ್ಚಿದ ಸಸಿ ತಾನೇ ತುಳಕೋತ ಹೊಂಟಾಳಲ್ಲವ್ವ” ಎಂದಳು.

ಸಸಿ ಹಚ್ಚುವವರು ಹಿಂದಕ್ಕೆ ನಡೆಯುತ್ತಾರೆ. ಹಚ್ಚಿದ ಸಾಲು ಕಣ್ಣ ಮುಂದೆ ಉಳಿಯುತ್ತದೆ, ಖಾಲಿ ನೀರು ಬೆನ್ನ ಹಿಂದೆ. ಇದು ಆ ಸೀಮೆಯ ಎಮ್ಮೆಗೂ ಗೊತ್ತು. ನನಗೆ ಗೊತ್ತಿರಲಿಲ್ಲ, ಯಾಕೆಂದರೆ ನಾನು ಗದ್ದೆಗಳನ್ನು ನೋಡಿದ್ದೆಲ್ಲ ಬಸ್ಸಿನ ಕಿಟಕಿಯಿಂದ. ಓಡುವ ಬಸ್ಸಿನಿಂದ ನೋಡಿದರೆ ಯಾರು ಯಾವ ಕಡೆ ಹೊರಟಿದ್ದಾರೆಂದು ತಿಳಿಯುವುದಿಲ್ಲ. ಅವ್ವ ಹೇಳುತ್ತಿದ್ದ ಹೊಲದ ಕತೆಗಳು ಕಾಲುವೆಗಿಂತ ಹಿಂದಿನವು, ಜೋಳ ತೊಗರಿಯವು; ಅಲ್ಲಿ ಹೆಂಗಸರು ಕುಕ್ಕರಗಾಲಲ್ಲಿ ಕೂತು ಕಸ ತೆಗೆಯುತ್ತ ಮುಂದೆ ಮುಂದೆ ಸರಿಯುತ್ತಾರೆ. ಕೃಷ್ಣೆಯ ನೀರು ಕಾಲುವೆಯಲ್ಲಿ ಬಂದು ಜೋಳದ ಹೊಲ ಗದ್ದೆಯಾದ ಮೇಲೆ, ಆಂಧ್ರದ ಕಡೆಯಿಂದ ಬಂದು ಕ್ಯಾಂಪು ಕಟ್ಟಿಕೊಂಡು ನೆಲೆಸಿದ ಹೆಂಗಸರನ್ನು ನೋಡಿ ನೋಡಿ, ನಮ್ಮ ಕಡೆಯ ಹೆಂಗಸರು ಹಿಂದಕ್ಕೆ ನಡೆಯುವುದನ್ನು ದೊಡ್ಡವರಾದ ಮೇಲೆ ಕಲಿತರು. ದೊಡ್ಡವ್ವನೂ ಹಾಗೆ ಕಲಿತವಳೇ. ನಾನು ಮಾತ್ರ ಅವ್ವನ ಜೋಳದ ಹೊಲದಲ್ಲೇ ಉಳಿದಿದ್ದೆ.

ಸೋಲು ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಕಟ್ಟನ್ನು ತಿರುಗಿಸಿ ಕೊನೆಯ ಹಾಳೆಯಿಂದ ಮೊದಲಿನದಕ್ಕೆ ಹಾರಿಸಿದೆ. ಹೆಂಗಸು ಹಿಂದಕ್ಕೆ ನಡೆದಳು, ಸರಿಯೇ. ಆದರೆ ಬಗ್ಗಿದಾಗಲೆಲ್ಲ ಹಚ್ಚಿದ ಸಸಿಯನ್ನು ಕಿತ್ತು ಕೈಗೆ ತೆಗೆದುಕೊಂಡಳು.

“ಮೊದಲ ತುಳದಳು, ಈಗ ಕೀಳಾಕತ್ತಾಳ” ಎಂದಳು ದೊಡ್ಡವ್ವ. “ಈಕಿನ್ನ ನಮ್ಮ ಗುಂಪಿಗಿ ಕರಕೊಂಡು ಬರಬ್ಯಾಡ.”

ನಾನೂರು ಹಾಳೆ ಹೋದವು. ನಗು ಮುಗಿದ ಮೇಲೆ ನಾಳೆಯಿಂದ ಗದ್ದೆಗೇ ಬಂದು ಬರೆದುಕೊಳ್ಳುತ್ತೇನೆಂದೆ. ಎರಡನೆಯ ಬೆಳೆಗೆ ನೀರು ಬಿಟ್ಟಿದ್ದರು, ಹದಿನೈದು ದಿನದ ಕೆಲಸ ಬಾಕಿ ಇತ್ತು. ದೊಡ್ಡವ್ವ ಬಾ ಎಂದಳು. ಒಂದು ಕರಾರು ಹಾಕಿದಳು.

“ನಾ ಬಗ್ಗಿದ್ದು ಚಿತ್ರ ತಗೀಬ್ಯಾಡ.”

“ಸಸಿ ಹಚ್ಚೋದು ಬಗ್ಗಿಕೊಂಡೇ ಅಲ್ಲೇನು ದೊಡ್ಡವ್ವ?”

“ದಿನಾ ಬಗ್ಗಿಕೊಂಡೇ ಇರ್ತೀನಿ. ರೋಡಿನ ಮ್ಯಾಲ ಹೋಗೋ ಮಂದಿ ನನ್ನ ಬೆನ್ನೇ ನೋಡ್ಯಾರ. ಆಧಾರ ಕಾರ್ಡಿನಾಗ ಬರೀ ಮಾರಿ ಅದ. ನೀ ಒಬ್ಬಾಕಿ ತಗೀತೀನಂತ ಬಂದಿ, ನೆಟ್ಟಗ ನಿಂದರಸಿ ತಗಿ.” ಎಲೆಗೆ ಸುಣ್ಣ ಸವರುತ್ತ, “ಇಳಕಲ್ ಸೀರಿ ಇರಲಿ” ಎಂದಳು.

“ಇದು ಪೆನ್ಸಿಲ್ ಚಿತ್ರ ದೊಡ್ಡವ್ವ, ಬಣ್ಣ ಇರಂಗಿಲ್ಲ.”

“ಹಂಗಾದ್ರ ಇಳಕಲ್ ಅಂತ ತಿಳಕೊಂಡು ತಗಿ.”

ಸೀರೆಯ ಮಾತಿಗೆ ನಕ್ಕೆ. ಬೆನ್ನಿನ ಮಾತಿಗೆ ನಗು ಬರಲಿಲ್ಲ. ನಾನು ಮೇಡಂಗೆ ಒಪ್ಪಿಸಿ ಬಂದದ್ದು ಬಗ್ಗಿದ ಬೆನ್ನುಗಳ ಚಿತ್ರ. ಹೈದರಾಬಾದಿನಲ್ಲಿ ಗೋಡೆಗೆ ಅಂಟಿಸಿ ಬಂದಿದ್ದ, ದೃಶ್ಯಗಳನ್ನು ಕ್ರಮವಾಗಿ ತೋರಿಸುವ ಕಥಾಚಿತ್ರಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಬೆನ್ನೇ. ಅದನ್ನು ಕೈಬಿಟ್ಟರೆ ಚಿತ್ರವಿಲ್ಲ, ಚಿತ್ರವಿಲ್ಲದಿದ್ದರೆ ಪದವಿಯಿಲ್ಲ. ಇಟ್ಟುಕೊಂಡರೆ ದೊಡ್ಡವ್ವ ಬೇಡ ಎಂದದ್ದನ್ನೇ ನಾಲ್ಕು ನಿಮಿಷ ತೋರಿಸಿದಂತೆ.

ಮೊದಲ ದಿನ ನಾನು ಸುಲಭದ ದಾರಿ ಹಿಡಿದೆ. ಬದುವಿನ ಮೇಲೆ ಬೇವಿನ ಮರದ ಹಿಂದೆ ಕೂತು ಅವಳು ಬಗ್ಗಿದ್ದನ್ನೇ ಕದ್ದು ಬರೆದೆ. ಆರು ಚಿತ್ರ. ಒಳ್ಳೆಯ ಚಿತ್ರಗಳು, ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಬುತ್ತಿ ಉಣ್ಣಲು ಬಂದಾಗ ಗಾಳಿಗೆ ಪುಸ್ತಕದ ಹಾಳೆ ತಿರುಗಿ ಅವಳ ಕಣ್ಣಿಗೆ ಬಿದ್ದವು. ಅವಳು ಬೈಯಲಿಲ್ಲ. ಒಂದನ್ನು ನಿಧಾನಕ್ಕೆ ಹರಿದುಕೊಂಡು, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿ, ರೊಟ್ಟಿ ಬಿಚ್ಚಿ ನನಗೂ ಅರ್ಧ ಕೊಟ್ಟಳು. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ. ಉಳಿದ ಐದನ್ನು ನಾನೇ ಹರಿದೆ.

ಮಾರನೆಯ ದಿನ ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಗದ್ದೆಗೆ ಇಳಿದೆ. ದೊಡ್ಡವ್ವ ನನ್ನ ಸೀರೆಗೆ ಕಚ್ಚೆ ಹಾಕಿಸಿದಳು. ರಾಡಿ ಮೀನಖಂಡದವರೆಗೆ ಹಿಡಿದುಕೊಂಡಿತು. ಮಂದಿಯ ನಡಿಗೆಯನ್ನು ಅಷ್ಟು ವರ್ಷ ತೂಗಿ ನೋಡಿದವಳು ಒಂದು ಹೆಜ್ಜೆ ಹಿಂದಕ್ಕಿಡಲು ಮೂರು ಸಲ ಕೂತುಬಿಟ್ಟೆ. ನನ್ನ ಸಾಲು ಸೊಟ್ಟ. ಬಲಕ್ಕಿದ್ದ ಮಲ್ಲಮ್ಮ ತನ್ನ ಸಾಲಿನ ಜೊತೆಗೆ ನನ್ನದನ್ನೂ ತಿದ್ದುತ್ತ ಬಂದಳು. ಅರ್ಧ ತಾಸಿನಲ್ಲಿ ಸೊಂಟದಲ್ಲಿ ಯಾರೋ ಮೊಳೆ ಹೊಡೆಯಲು ಶುರುಮಾಡಿದರು.

ಆಗ ಒಂದು ವಿಷಯ ತಿಳಿಯಿತು. ಬಗ್ಗಿದವರಿಗೆ ಬಗ್ಗಿದ ಬೆನ್ನು ಕಾಣುವುದೇ ಇಲ್ಲ. ಕಾಣುವುದು ತನ್ನ ಎರಡು ಕೈ, ಪಕ್ಕದವಳ ಬಳೆ, ಕಲಕಿ ಕಲಕಿ ತಿಳಿಯಾಗುವ ನೀರು, ಅದರೊಳಗೆ ಕಾಲ ಕೆಳಗೆ ಹೋಗುವ ಮೋಡ. ಸಸಿ ಒತ್ತಿದರೆ ಮೋಡ ಒಡೆಯುತ್ತದೆ, ಬೆರಳು ಎತ್ತಿದರೆ ಕೂಡಿಕೊಳ್ಳುತ್ತದೆ. ಬೆನ್ನು ಕಾಣುವುದು ರಸ್ತೆಯ ಮೇಲಿನವರಿಗೆ, ಬಸ್ಸಿನ ಕಿಟಕಿಯವರಿಗೆ, ಬೇವಿನ ಮರದ ಹಿಂದೆ ಕೂತವರಿಗೆ.

ಇನ್ನೊಂದು ವಿಷಯ ತಿಳಿದದ್ದು ಮಲ್ಲಮ್ಮ ಮೊಣಕೈಯಿಂದ ತಿವಿದಾಗ.

“ಏಳು, ನಿಂದು ಪಾಳಿ ಬಂತು.”

“ಎಂಥಾ ಪಾಳಿ ಮಲ್ಲಮ್ಮಕ್ಕ?”

“ನಿಂದ್ರೋದು.”

ದೊಡ್ಡವ್ವ ತಲೆ ಎತ್ತದೆಯೇ ವಿವರಿಸಿದಳು. “ಎಲ್ಲಾರೂ ಒಮ್ಮೆಲೇ ಎದ್ದು ನಿಂತ್ರ ಮೇಸ್ತ್ರಿ ಬಾಯಿ ಮಾಡ್ತಾನ, ಫೋಟೋ ತಗಸಾಕ ಬಂದೀರೇನು ಅಂತಾನ. ಒಬ್ಬಾಕಿ ನಿಂತ್ರ ಅವನ ಕಣ್ಣಿಗಿ ಬೀಳಂಗಿಲ್ಲ. ಆ ಕಡಿಯಿಂದ ಈ ಕಡಿಗಿ ಒಬ್ಬೊಬ್ಬರೇ ಏಳ್ತೀವಿ. ಎರಡು ಉಸುರು ತಗೊಂಡು ಲಗೂನ ಬಗ್ಗು, ಮುಂದಿನಾಕಿ ಕಾಯಾಕತ್ತಾಳ.”

ಎದ್ದು ನಿಂತೆ. ಕಾಲುವೆಯ ಏರಿ, ವಿದ್ಯುತ್ ಕಂಬ, ಕೊಕ್ಕರೆ, ದೂರದ ಗುಡ್ಡ, ಎಲ್ಲ ಒಮ್ಮೆಗೇ ಬಂದವು. ಸೊಂಟದ ಮೇಲೆ ಕೈಯಿಟ್ಟು ಮೊದಲ ಉಸಿರು ಬಿಟ್ಟೆ, ಎರಡನೆಯದು ಎಳೆದುಕೊಂಡೆ, ಅಷ್ಟರಲ್ಲಿ ಎಡಕ್ಕಿದ್ದವಳು ಕೆಮ್ಮಿದಳು. ಬಗ್ಗಿದೆ. ನಾನು ನಿಂತ ಪ್ರತಿ ಗಳಿಗೆ ಅವಳ ಬೆನ್ನಿನ ಲೆಕ್ಕದಲ್ಲಿ ಕಳೆಯುತ್ತದೆ ಎಂದು ಗೊತ್ತಾದ ಮೇಲೆ ಒಂದು ಅರ್ಧ ಉಸಿರನ್ನೂ ಹೆಚ್ಚು ತೆಗೆದುಕೊಳ್ಳಲಾಗಲಿಲ್ಲ. ಹತ್ತಿರದ ರಸ್ತೆಯಲ್ಲಿ ನೂರು ಸಲ ಹೋಗಿದ್ದರೂ ಆ ಸಾಲಿನಲ್ಲಿ ಯಾವಾಗಲೂ ಒಬ್ಬಳು ನಿಂತಿರುತ್ತಾಳೆಂದು ನಾನು ಗಮನಿಸಿರಲಿಲ್ಲ.

ಅಲ್ಲಿಂದ ಮುಂದೆ ಏನು ಬಿಡಿಸಬೇಕೆಂದು ನನಗೆ ಅನುಮಾನವೇ ಇರಲಿಲ್ಲ. ಹತ್ತು ದಿನ ಬೆಳಿಗ್ಗೆ ಸಸಿ ಹಚ್ಚಿದೆ, ಮಧ್ಯಾಹ್ನ ಬದುವಿನ ಮೇಲೆ ಕೂತು ಕೈಗಳನ್ನು ಬರೆದೆ. ರಾಡಿ ಮೆತ್ತಿದ ಆ ಪುಸ್ತಕ ಒಣಗಿದ ಮೇಲೆ ಹಪ್ಪಳದ ಹಾಗೆ ಸಪ್ಪಳ ಮಾಡುತ್ತಿತ್ತು. ಹೈದರಾಬಾದಿಗೆ ಮರಳಿ ಗೋಡೆಯ ಮೇಲಿನ ಹಳೆಯ ಕಥಾಚಿತ್ರಗಳನ್ನು ಕಿತ್ತು ಹೊಸದಾಗಿ ಅಂಟಿಸಿದೆ. ಚಿತ್ರದಲ್ಲಿ ಬಗ್ಗಿದವರು ಯಾರೂ ಇಲ್ಲ. ಇರುವುದು ಬಗ್ಗಿದವಳ ಕಣ್ಣು: ಕೈ, ನೀರು, ಒಡೆಯುವ ಮೋಡ, ಒಂದೊಂದೇ ಮೇಲೆ ಬರುವ ಹಸಿರು. ಕೊನೆಯಲ್ಲಿ ನೀರಿನಿಂದ ನೋಟ ಏಳುತ್ತದೆ, ದೊಡ್ಡವ್ವ ನೆಟ್ಟಗೆ ನಿಂತಿದ್ದಾಳೆ, ಎಂಟು ಸೆಕೆಂಡು. ಆ ಸೀರೆಯನ್ನು ನಾನು ಇಳಕಲ್ ಎಂದು ತಿಳಿದುಕೊಂಡೇ ಬಿಡಿಸಿದೆ. ಸೆರಗು ತುಸು ಭಾರವಾಗಿ ಬಿತ್ತು.

ಮೇಡಂ ಎಲ್ಲವನ್ನೂ ಮೆಚ್ಚಿದರು, ಕೊನೆಯ ಎಂಟು ಸೆಕೆಂಡನ್ನು ಬಿಟ್ಟು. “ಇಲ್ಲಿ ಏನೂ ನಡೆಯೋದಿಲ್ಲವಲ್ಲಮ್ಮ. ಎರಡು ಸೆಕೆಂಡು ಸಾಕು. ಪರೀಕ್ಷಕರು ಅಂಕ ಕಳೀತಾರೆ.”

“ಎರಡ ಸೆಕೆಂಡು ಗದ್ದ್ಯಾಗ ಸಿಗ್ತದ್ರಿ. ಅದಕ್ಕ ನಾ ಯಾಕ ಬೇಕು?” ಎಂದೆ. ಈ ಸಲ ನಿಜವಾಗಿಯೂ ಜಗಳದ ದನಿಯೇ ಇತ್ತು. ಪಾಳಿಯ ವಿಷಯ ಹೇಳಿದೆ. ಅವರು ಬಹಳ ಹೊತ್ತು ಹಾಳೆ ತಿರುವಿ, “ಹಾಗಾದರೆ ಕಲ್ಲಿನ ಹಾಗೆ ನಿಲ್ಲಿಸಬೇಡ. ಉಸಿರಾಡಿಸು” ಎಂದರು.

ಎಂಟು ಸೆಕೆಂಡಿಗೆ ತೊಂಬತ್ತಾರು ಚಿತ್ರ. ತೊಂಬತ್ತಾರರಲ್ಲೂ ಒಬ್ಬಳೇ ಹೆಂಗಸು, ಒಂದೇ ನಿಲುವು. ಹೆಗಲು ಅಕ್ಕಿಕಾಳಿನಷ್ಟು ಏರುತ್ತದೆ, ಅಷ್ಟೇ ಇಳಿಯುತ್ತದೆ. ಬಿಡಿಸಲು ಒಂಬತ್ತು ದಿನ ಹಿಡಿಯಿತು. ಗೆಳತಿಯರ ಚಿತ್ರಗಳಲ್ಲಿ ರಾಕ್ಷಸರು ಹಾರುತ್ತಿದ್ದರು, ಊರುಗಳು ಉರಿಯುತ್ತಿದ್ದವು. ನಾನು ಒಬ್ಬ ಹೆಂಗಸಿನ ಹೆಗಲನ್ನು ಏರಿಸಿ ಇಳಿಸುತ್ತ ಕೂತಿದ್ದೆ. ಬೇಸರವಾಗಲಿಲ್ಲ. ಮಾಡುತ್ತಿರುವುದು ಸರಿ ಎಂಬ ಖಾತ್ರಿ ನನಗೆ ಜೀವನದಲ್ಲಿ ಅಷ್ಟು ಗಟ್ಟಿಯಾಗಿ ಆದದ್ದು ಆ ಒಂಬತ್ತು ದಿನ. ಪರೀಕ್ಷಕರಲ್ಲಿ ಒಬ್ಬರು ಕೊನೆ ತುಸು ನಿಧಾನವಾಯಿತು ಎಂದರು, ಒಟ್ಟಿನಲ್ಲಿ ತೇರ್ಗಡೆಯಾದೆ. ಆದರೆ ನನ್ನ ಪರೀಕ್ಷೆ ಮುಗಿದಿರಲಿಲ್ಲ.

ಬೇಸಿಗೆಯ ಒಂದು ಅಮಾವಾಸ್ಯೆ. ಆ ದಿನ ಹೊಲದ ಕೆಲಸ ಬಂದ್, ಹೆಂಗಸರು ಮನೆಯಲ್ಲಿರುತ್ತಾರೆ. ಬಿಸಿಲು ಒಳಗೆ ಬಾರದಂತೆ ಬಾಗಿಲು ಮುಂದೆ ಮಾಡಿ, ದೊಡ್ಡವ್ವನ ಪಡಸಾಲೆಯಲ್ಲಿ ಜೋಳದ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಗುಂಪಿನ ಹೆಂಗಸರೆಲ್ಲ ಬಂದಿದ್ದರು, ಮಲ್ಲಮ್ಮ ಎಲ್ಲರಿಗಿಂತ ಮುಂದೆ. ತೆರೆಯ ಮೇಲೆ ಕೈಗಳು ಬಂದಾಗ ಇದು ನಂದು, ಅದು ನಿಂದು ಎಂದು ಬಳೆಗಳನ್ನು ಗುರುತಿಸಿದರು. ಹೆಜ್ಜೆ ಹಿಂದಕ್ಕೆ ಬಿದ್ದದ್ದನ್ನು ಒಬ್ಬಳು ಪರೀಕ್ಷೆ ಮಾಡಿದಳು. ನಾನು ತೆರೆ ನೋಡುತ್ತಿರಲಿಲ್ಲ, ದೊಡ್ಡವ್ವನ ಮುಖ ನೋಡುತ್ತಿದ್ದೆ. ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ.

ನೋಟ ನೀರಿನಿಂದ ಎದ್ದಿತು. ದೊಡ್ಡವ್ವ ನಿಂತಳು, ಸೊಂಟದ ಮೇಲೆ ಕೈ, ಹೆಗಲ ಮೇಲೆ ಸೆರಗು. ಒಂದು ಸೆಕೆಂಡು, ಎರಡು, ಮೂರು. ಮಲ್ಲಮ್ಮ ಅತ್ತಿತ್ತ ನೋಡಿದಳು.

“ಕೆಟ್ಟಿತೇನವ್ವ ಇದು?” ಎಂದು ಲ್ಯಾಪ್‌ಟಾಪಿನ ಗುಂಡಿ ಒತ್ತಲು ಕೈ ಚಾಚಿದಳು.

ದೊಡ್ಡವ್ವ ತೆರೆಯಿಂದ ಕಣ್ಣು ಕೀಳದೆ ಆ ಕೈ ಹಿಡಿದಳು.

“ಬಿಡ. ಉಸುರು ತಗೊಳ್ಳಾಕತ್ತೀನಿ, ಕಾಣವಲ್ದೇನು?”

ಮಲ್ಲಮ್ಮ ಕೈ ಹಿಂದೆ ತೆಗೆದುಕೊಂಡಳು. ನಾವೆಲ್ಲ ಕಾದೆವು.